ಬೀಗದ ಕೈ ಯಾರ ಬಳಿ ಇದೆ?

ಇವತ್ತು ಬೆಳಿಗ್ಗೆ ಈಜುಕೊಳದ ದಂಡೆಯಲ್ಲಿ ಐವತ್ತು ನಿಮಿಷ ಕುಳಿತಿದ್ದೆ. ಈಜುವುದಕ್ಕಲ್ಲ, ಬೀಗದ ಕೈ ಬರಲೆಂದು.

ತಮ್ಮ ಅಪಘಾತದ ನಂತರ ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ನೀರಿಗಿಳಿದನೆಂದರೆ ಬರೀ ತೋಳಿನ ಬಲದಲ್ಲಿ ಆ ತುದಿ ಮುಟ್ಟಿ ಬರುವವನು. ಕಷ್ಟವೆಲ್ಲ ಗಾಲಿಕುರ್ಚಿಯಿಂದ ನೀರಿನವರೆಗಿನ ನಾಲ್ಕು ಅಡಿಯದು. ಅದಕ್ಕೆಂದೇ ನಮ್ಮ ಸಮುದಾಯ ಕೇಂದ್ರದವರು ಕುಳಿತವರನ್ನು ಹಾಗೆಯೇ ನೀರಿಗಿಳಿಸುವ ಲಿಫ್ಟ್ ತರಿಸಿದರು. ಅದರ ಪಕ್ಕ ನಿಂತು ಎಲ್ಲರೂ ಫೋಟೊ ತೆಗೆಸಿಕೊಂಡರು. ಅಂದಿನಿಂದ ಅದು ನೀಲಿ ಟಾರ್ಪಾಲು ಹೊದ್ದು, ಸರಪಳಿ ಬಿಗಿಸಿಕೊಂಡು ನಿಂತಿದೆ. ಬೀಗದ ಕೈ ವ್ಯವಸ್ಥಾಪಕರ ಮನೆಯಲ್ಲಿದೆಯಂತೆ.

"ಮೊದಲೇ ಫೋನ್ ಮಾಡಿ ಬರಬೇಕಿತ್ತು ಸರ್" ಎಂದರು ಕಾವಲಿನವರು. ಅಷ್ಟರಲ್ಲಿ ಹುಡುಗನೊಬ್ಬ ಓಡಿಬಂದು ದೊಪ್ಪನೆ ನೀರಿಗೆ ಹಾರಿದ. ಅವನು ಯಾರಿಗೆ ಫೋನ್ ಮಾಡಿದ್ದನೋ!

ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 30ನೇ ವಿಧಿ ಆಟ, ವಿರಾಮ, ಮನರಂಜನೆಗಳಲ್ಲಿ ಅಂಗವಿಕಲರು ಇತರರಿಗೆ ಸರಿಸಮವಾಗಿ ಪಾಲ್ಗೊಳ್ಳಬೇಕು ಎನ್ನುತ್ತದೆ. ಸರಿಸಮ ಎಂದರೆ ಆ ಹುಡುಗನಿಗೆ ಸಮ. ಅಂಗವಿಕಲರಿಗೆ ಕಟ್ಟಡ, ಸೌಲಭ್ಯಗಳು ಹೇಗಿರಬೇಕೆಂದು ಹೇಳುವ ಅಮೆರಿಕದ 2010ರ ಮಾನದಂಡಗಳಂತೂ ಇಂಥ ಲಿಫ್ಟನ್ನು ದಂಡೆಯಿಂದಲೂ ನೀರಿನೊಳಗಿನಿಂದಲೂ ಬೇರೆಯವರ ನೆರವಿಲ್ಲದೆ ನಡೆಸುವಂತಿರಬೇಕು ಎಂದು ಸ್ಪಷ್ಟವಾಗಿ ಹೇಳುತ್ತವೆ. ನಮ್ಮ ಲಿಫ್ಟಿಗೂ ಎರಡು ಗುಂಡಿಗಳಿವೆ, ಒತ್ತಿದರೆ ಸಾಕು. ಒತ್ತಬೇಕಾದರೆ ಮೊದಲು ಬೀಗ ತೆಗೆಯಬೇಕು!

ಬೀಗ ಹಾಕದಿದ್ದರೆ ಮಕ್ಕಳು ಹತ್ತಿ ಹಾಳುಮಾಡುತ್ತಾರೆ ಎನ್ನುತ್ತಾರೆ. ಜಾರುಬಂಡೆಗೂ ಮಕ್ಕಳು ಹತ್ತುತ್ತಾರಲ್ಲ, ಅದಕ್ಕೇಕೆ ಸರಪಳಿ ಇಲ್ಲ? ಬ್ಯಾಟರಿ ಬಿಚ್ಚಿ ಒಳಗಿಟ್ಟು ಚಾರ್ಜ್ ಮಾಡಬೇಕು ಎನ್ನುತ್ತಾರೆ. ಒಪ್ಪಿದೆ, ರಾತ್ರಿ ಮಾಡಲಿ. ಇನ್ನೊಬ್ಬರು ಹಾಜರಿ ಪುಸ್ತಕ ತೆರೆದು, ಆರು ತಿಂಗಳಿಂದ ಇದನ್ನು ಬಳಸಿದವರೇ ಇಲ್ಲ ಎಂದು ತೋರಿಸಿದರು. ಬಳಸಿದವರಿಲ್ಲ ಎಂದು ಬೀಗ, ಬೀಗವಿದೆ ಎಂದು ಬಳಸುವವರಿಲ್ಲ. ಈ ಲೆಕ್ಕ ಯಾವ ಶಾಲೆಯಲ್ಲಿ ಕಲಿತರೋ.

ಪಾಪ, ಜೀವರಕ್ಷಕ ಹುಡುಗರಿಬ್ಬರು ಬಂದು "ನಾವೇ ಎತ್ತಿ ಇಳಿಸುತ್ತೇವೆ ಅಣ್ಣ" ಎಂದರು. ಒಳ್ಳೆಯ ಮಕ್ಕಳು. "ನಾನೇನು ಅಕ್ಕಿ ಮೂಟೆಯೇ?" ಎಂದ ತಮ್ಮ. ಅವರು ಬೆಪ್ಪಾದರು.

ಇಷ್ಟು ಕೂಗಾಡುತ್ತಿರುವ ನಾನು ಸಾಚಾ ಅಲ್ಲ. ತಮ್ಮನಿಗೆ ಅಪಘಾತವಾಗುವುದಕ್ಕೆ ಮುಂಚೆ ಇದೇ ಕೇಂದ್ರದ ಸಮಿತಿಯಲ್ಲಿದ್ದೆ. ಅಗಲ ಬಾಗಿಲಿನ ಆ ದೊಡ್ಡ ಶೌಚಾಲಯ ಸುಮ್ಮನೆ ಬಿದ್ದಿದೆ, ಸಾಮಾನು ಇಟ್ಟು ಬೀಗ ಹಾಕೋಣ ಎಂದು ಸಭೆಯಲ್ಲಿ ಹೇಳಿದವನು ನಾನೇ. ಯಾರೂ ಎದುರಾಡಲಿಲ್ಲ. ಇವತ್ತು ಬಟ್ಟೆ ಬದಲಿಸಿಕೊಳ್ಳಲು ತಮ್ಮನನ್ನು ಅಲ್ಲಿಗೇ ಕರೆದೊಯ್ದೆ. ಗಾಲಿಕುರ್ಚಿ ಸುತ್ತು ತಿರುಗಲು ಒಂದೂವರೆ ಮೀಟರ್ ಜಾಗ ಬೇಕು. ಅಲ್ಲಿ ಕಾಲು ಮುರಿದ ಮೇಜು, ಬಣ್ಣದ ಡಬ್ಬಗಳು, ಕಂತೆ ಕಂತೆ ಪೊರಕೆ. ನನ್ನ ಸಲಹೆಯೊಂದು ಇಷ್ಟು ಅಚ್ಚುಕಟ್ಟಾಗಿ ಜಾರಿಯಾಗಿದ್ದು ಇದೇ ಮೊದಲು. ತಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ. ಇಲ್ಲಿ ಓದಿಯೇ ತಿಳಿಯುತ್ತಾನೆ.

ಕೊನೆಗೂ ಬೀಗದ ಕೈ ಬಂತು. ಬೀಗ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಮೂವರು ತಿರುಗಿಸಿದರೂ ಜಪ್ಪಯ್ಯ ಎನ್ನಲಿಲ್ಲ.

"ಅಣ್ಣ, ನಾಳೆ ಎಣ್ಣೆ ತೆಗೆದುಕೊಂಡು ಬರೋಣ" ಎಂದು ತಮ್ಮ ನಕ್ಕ. ನನಗೆ ನಗು ಬರಲಿಲ್ಲ.