ವರದಿ ತಿದ್ದೋಕೂ ಬರಬೇಕು, ಫೋಟೋನೂ ಉಳೀಬೇಕು

ಮಂಡ್ಯ ಸುತ್ತಮುತ್ತ ನಾಟಿ ಭತ್ತ ಉಳಿಸಿಕೊಂಡು ಬಂದಿರೋ ರೈತರ ಜೊತೆ ಸೇರಿ ತಳಿಗಳ ದಾಖಲೆ ಮಾಡ್ತಿದ್ದೀವಿ. ತಳಿಯ ಹೆಸರು, ಯಾರ ಗದ್ದೆಯದು, ಎಷ್ಟು ದಿನಕ್ಕೆ ಕುಯ್ಲು, ತೆನೆಯ ಫೋಟೋ, ಕಾಳಿನ ಫೋಟೋ ಎಲ್ಲ ದಾಖಲೆ ಇಡೋ ಸಾಫ್ಟ್‌ವೇರ್ ಆದ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿದೆ. ಪರದೆ ಮೇಲೆ ರಿಪೋರ್ಟ್ ಚೆನ್ನಾಗೇ ಕಾಣುತ್ತೆ. ವರ್ಡ್‌ಗೆ ಎಕ್ಸ್‌ಪೋರ್ಟ್ ಕೊಟ್ಟರೆ ಅಕ್ಷರ ಬರುತ್ತೆ, ಫೋಟೋ ಬರಲ್ಲ.

ಎಷ್ಟೋ ಜನ ತಮ್ಮ ಕಂಪ್ಯೂಟರೇ ಕೆಟ್ಟಿದೆ ಅಂದುಕೊಳ್ತಾರೆ. ಹಾಗಲ್ಲ. ಆಕ್ಸೆಸ್‌ನ ಆ ಬಟನ್ ಕೊಡೋದು ವರ್ಡ್‌ನಲ್ಲಿ ತೆರೆಯೋ ಹಳೇ ಬಗೆಯ ಆರ್‌ಟಿಎಫ್ ಫೈಲು. ಆರ್‌ಟಿಎಫ್‌ನಲ್ಲಿ ಚಿತ್ರ ಇಡೋಕೆ ಅವಕಾಶ ಇದೆ, ಆದರೆ ಆಕ್ಸೆಸ್ ಅದನ್ನ ಬರೆಯೋದೇ ಇಲ್ಲ.

ಇದಕ್ಕೆ ಎಲ್ಲರೂ ಹೇಳೋ ಪರಿಹಾರ, "ಪಿಡಿಎಫ್ ಮಾಡಿಬಿಡಿ ಮೇಡಂ." ನಾನಿದನ್ನ ಒಪ್ಪಲ್ಲ. ನಮ್ಮ ವರದಿ ತಿದ್ದಿಸಿಕೊಳ್ಳೋಕೆ ಅಂತಲೇ ಇರೋದು. ಪಾಂಡವಪುರದ ಕಡೆಯ ಹಿರಿಯರೊಬ್ಬರು ಪ್ರಿಂಟ್ ನೋಡಿ, "ಇದು ರತ್ನಚೂಡಿ ಅಲ್ಲ ಕಣವ್ವ, ಕಾಳು ನೋಡು, ಎಷ್ಟು ಗುಂಡುಗದೆ" ಅಂದ್ರು. ಫೋಟೋ ಇದ್ದಿದ್ದಕ್ಕೆ ಅವರು ಗುರುತು ಹಿಡಿದರು. ಅವರ ಮೊಮ್ಮಗಳು ಮನೆಯಲ್ಲೇ ಕೂತು ಆ ಸಾಲು ತಿದ್ದಿ ವಾಪಸ್ ಕಳಿಸೋ ಹಾಗಿರಬೇಕು. ಫೋಟೋ ಇಲ್ಲದ ವರ್ಡ್ ಫೈಲು ಅವರಿಗೆ ಬೇಡ, ತಿದ್ದೋಕಾಗದ ಪಿಡಿಎಫ್ ನಮಗೆ ಬೇಡ.

"ಪಿಡಿಎಫ್‌ನ ವರ್ಡ್‌ನಲ್ಲೇ ತೆರೀಬಹುದಲ್ಲ?" ತೆರೀಬಹುದು, ವರ್ಡ್ 2013ರಿಂದ ಆ ಸೌಲಭ್ಯ ಇದೆ. ಇಂಗ್ಲಿಷ್ ವರದಿಗೆ ನಡೆಯುತ್ತೆ, ಫೋಟೋನೂ ಬರುತ್ತೆ. ಕನ್ನಡಕ್ಕೆ ಅದನ್ನ ನಂಬೋಕಾಗಲ್ಲ. ಪಿಡಿಎಫ್‌ನಲ್ಲಿ ಮುಖ್ಯವಾಗಿ ಉಳಿಯೋದು ಅಕ್ಷರದ ಆಕಾರ. ಅದನ್ನ ಮತ್ತೆ ಅಕ್ಷರ ಮಾಡೋವಾಗ ಒತ್ತಕ್ಷರ ಕಳಚುತ್ತೆ, ಗುಣಿತ ಜಾಗ ಬದಲಾಯಿಸುತ್ತೆ. "ಭತ್ತ" ಅನ್ನೋ ಪದವೇ ನೆಟ್ಟಗೆ ಉಳಿಯದ ದಾಖಲೆ ಇಟ್ಟುಕೊಂಡು ಏನು ಮಾಡೋಣ?

ನನ್ನ ಅಭಿಪ್ರಾಯ ಇಷ್ಟೇ: ಆಕ್ಸೆಸ್‌ನ ರಿಪೋರ್ಟ್ ಪರದೆಗೆ ಇರಲಿ, ಹಂಚೋ ವರದಿ ವರ್ಡ್‌ನಲ್ಲೇ ಹುಟ್ಟಲಿ. ಫೋಟೋಗಳನ್ನ ಟೇಬಲ್ ಒಳಗೆ ತುರುಕಬೇಡಿ. ಆಕ್ಸೆಸ್ ಫೈಲಿಗೆ 2 ಜಿಬಿ ಮಿತಿ ಇದೆ, ಫೋಟೋ ತುಂಬಿದರೆ ಬೇಗ ಮುಟ್ಟುತ್ತೆ. ಫೋಟೋಗಳು ಒಂದು ಫೋಲ್ಡರಿನಲ್ಲಿರಲಿ, ಟೇಬಲ್‌ನಲ್ಲಿ ಅವುಗಳ ವಿಳಾಸ (ಫೈಲು ಯಾವ ಫೋಲ್ಡರಿನಲ್ಲಿ, ಯಾವ ಹೆಸರಲ್ಲಿದೆ ಅನ್ನೋದು) ಮಾತ್ರ ಸಾಕು. ವರ್ಡ್‌ನಲ್ಲಿ ಮೇಲ್ ಮರ್ಜ್ ಪುಟ (ಟೇಬಲ್‌ನ ಒಂದೊಂದು ಸಾಲನ್ನೂ ತಂದು ತುಂಬಿಕೊಳ್ಳೋ ಪುಟ) ಮಾಡಿ, ಫೋಟೋ ಬರಬೇಕಾದ ಕಡೆ ವಿಳಾಸ ನೋಡಿ ಚಿತ್ರ ತರೋ ಇನ್‌ಕ್ಲೂಡ್‌ಪಿಕ್ಚರ್ ಫೀಲ್ಡ್ ಹಾಕಿ, ಅದರೊಳಗೆ ಟೇಬಲ್‌ನಿಂದ ವಿಳಾಸ ತರೋ ಮರ್ಜ್‌ಫೀಲ್ಡ್ ಕೂರಿಸಿ. ವಿಳಾಸದಲ್ಲಿ ಹಿಂದಕ್ಕೆ ವಾಲಿದ ಗೀಟು (\) ಇದ್ದರೆ ಪ್ರತಿಯೊಂದನ್ನೂ ಎರಡೆರಡು ಸಲ ಹಾಕಬೇಕು, ಇಲ್ಲದಿದ್ದರೆ ವರ್ಡ್‌ಗೆ ಫೋಟೋ ಸಿಗಲ್ಲ. ಮರ್ಜ್ ಮುಗಿದ ಮೇಲೆ ಕಂಟ್ರೋಲ್-ಎ ಒತ್ತಿ ಎಫ್9 ಒತ್ತಿ, ಆಗ ಪ್ರತಿ ತಳಿಗೂ ಅದರದ್ದೇ ಫೋಟೋ ಬರುತ್ತೆ. ಕೊಂಡಿ ಇನ್ನೂ ನಿಮ್ಮ ಫೋಲ್ಡರಿಗೇ ಇರುತ್ತೆ, ಆದ್ದರಿಂದ ಮತ್ತೊಮ್ಮೆ ಎಲ್ಲ ಆಯ್ಕೆ ಮಾಡಿ ಕಂಟ್ರೋಲ್-ಶಿಫ್ಟ್-ಎಫ್9 ಒತ್ತಿ. ಆಮೇಲೆ ಫೋಟೋ ಆ ಫೈಲಿನದೇ ಆಗುತ್ತೆ.

ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ದಾಖಲೆಯಾಗಿದ್ದರೆ ಇದಕ್ಕೆಲ್ಲ ಮೊದಲೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೇ ಕಾಣಲ್ಲ.

ವರ್ಡ್‌ನ ಡಾಕ್ಸ್ (.docx) ಫೈಲು ಅಂದರೆ ಒಳಗಡೆ ಒಂದು ಜಿಪ್, ಅಂದರೆ ಹಲವು ಫೈಲುಗಳನ್ನ ಕಟ್ಟಿಟ್ಟ ಗಂಟು. ಕಳಿಸೋ ಮುಂಚೆ ಅದರ ನಕಲು ಮಾಡಿ, ಹೆಸರಿನ ಕೊನೆಯ docx ಅನ್ನೋ ಅಕ್ಷರಗಳನ್ನ zip ಅಂತ ಬದಲಾಯಿಸಿ ಬಿಚ್ಚಿ ನೋಡಿ. ವರ್ಡ್ ಅನ್ನೋ ಫೋಲ್ಡರಿನ ಒಳಗೆ ಮೀಡಿಯಾ (media) ಅಂತ ಒಂದು ಫೋಲ್ಡರ್ ಇರುತ್ತೆ. ನಿಮ್ಮ ಫೋಟೋಗಳೆಲ್ಲ ಅಲ್ಲಿದ್ದರೆ ಧೈರ್ಯವಾಗಿ ಕಳಿಸಿ. ನಾವು ಬಳಸೋ ಖಾಲಿ ಪುಟ ಬೇಕಾದವರು ಕೇಳಿ, ಕೊಡ್ತೀನಿ.