ಎತ್ತರದ ಚಳಿಗೆ ಹತ್ತಿದ ಹೊರಗಿನ ಗಿಡ: ಕೀಳಬೇಕೆ, ಬಿಡಬೇಕೆ?

ಪರ: ಕಂಡ ಕೂಡಲೇ ಕೀಳಬೇಕು

ಚಳಿಯಿರುವಷ್ಟು ದಿನ ಎತ್ತರದ ಪರ್ವತಗಳಿಗೆ ಕಳೆಯ ಭಯವಿಲ್ಲ ಎಂದು ಬಹಳ ಕಾಲ ನಂಬಿದ್ದೆವು. ಮೇಲೇರಿದಂತೆ ಹೊರಗಿನ, ಅಂದರೆ ಬೇರೆ ನಾಡುಗಳಿಂದ ಬಂದ ಗಿಡಗಳು ಕಡಿಮೆಯಾಗುವುದು ನಿಜ. ಆದರೆ ಅದಕ್ಕೆ ಚಳಿಯೊಂದೇ ಕಾರಣವಲ್ಲ. ಬಹುಪಾಲು ಗಿಡಗಳು ಮೊದಲು ಬಂದಿಳಿಯುವುದು ತಪ್ಪಲಿನಲ್ಲಿ. ಅಲ್ಲಿಂದ ರಸ್ತೆಯಂಚು ಹಿಡಿದು, ಟೈರಿನ ಕೆಸರಿನಲ್ಲಿ, ಬೂಟಿನ ಅಡಿಯಲ್ಲಿ, ಜಲ್ಲಿಯ ಲೋಡಿನಲ್ಲಿ ಮೇಲೆ ಹೋಗುತ್ತವೆ. ಹಾಗಾಗಿ ತುದಿ ಮುಟ್ಟುವುದು ಸೆಕೆ, ಹಿಮ ಎರಡನ್ನೂ ತಾಳಿಕೊಳ್ಳುವ ಜಾತಿಗಳು ಮಾತ್ರ. ಚಳಿನಾಡಿನ ಗಿಡಗಳನ್ನೇ ತಂದು ನೇರವಾಗಿ ಮೇಲೆ ನೆಟ್ಟರೆ ಆ ತಡೆಯೂ ಇರುವುದಿಲ್ಲ.

ನ್ಯೂಜಿಲೆಂಡಿನಲ್ಲಿ ಆದದ್ದು ಇದೇ. ಸವೆಯುತ್ತಿದ್ದ ಇಳಿಜಾರಿನ ಮಣ್ಣು ಹಿಡಿದು ನಿಲ್ಲಿಸಲೆಂದು ಉತ್ತರ ಅಮೆರಿಕದ ಲಾಡ್ಜ್‌ಪೋಲ್ ಪೈನ್ ಮರ ತಂದು ನೆಟ್ಟರು. ಅಲ್ಲಿನ ಬೀಚ್ ಎಂಬ ಮರಗಳ ಕಾಡು ನಿಂತುಬಿಡುವ ಎತ್ತರವನ್ನೂ ದಾಟಿ ಅದು ಹುಲ್ಲುಗಾವಲಿಗೆ ನುಗ್ಗಿತು. ರೆಕ್ಕೆಯಿರುವ ಹಗುರ ಬೀಜ, ಗಾಳಿ ಎದ್ದರೆ ಕಿಲೋಮೀಟರ್‌ಗಟ್ಟಲೆ ಹಾರುತ್ತದೆ. ಎಳೆಯ ಸಸಿಯಾಗಿದ್ದಾಗ ಕೈಯಲ್ಲೇ ಕೀಳಬಹುದು. ಬೆಳೆದು ಬೀಜ ಚೆಲ್ಲತೊಡಗಿದ ಮೇಲೆ ಗರಗಸ, ಹೆಲಿಕಾಪ್ಟರ್, ಕಳೆನಾಶಕ ಎಲ್ಲ ಬೇಕು. ಅದೇ ದೇಶದ ಟೊಂಗರಿರೊ ರಾಷ್ಟ್ರೀಯ ಉದ್ಯಾನದಲ್ಲಿ 1912ರಿಂದ ಹೆದರ್ ಎಂಬ ಕುರುಚಲು ಗಿಡ ಹಬ್ಬಿಸಿದರು. ಅದನ್ನು ತಿಂದು ಬದುಕುವ ಗ್ರೌಸ್ ಹಕ್ಕಿ ಸಾಕಿ ಬೇಟೆಯಾಡುವ ಆಸೆ. ಹಕ್ಕಿ ನೆಲೆಯೂರಲಿಲ್ಲ, ಗಿಡ ಊರಿತು. 1996ರಲ್ಲಿ ಅದರ ಎಲೆ ತಿನ್ನುವ ಜೀರುಂಡೆಯನ್ನು ತಂದು ಬಿಡಬೇಕಾಯಿತು.

ಮಧ್ಯ ಚಿಲಿಯ ಆಂಡೀಸ್‌ನಲ್ಲಿ ಅಜೊರೆಲ್ಲಾ ಎಂಬ ಗಿಡ ನೆಲಕ್ಕಂಟಿ ದಿಂಬಿನಂತೆ ಒತ್ತಾಗಿ ಬೆಳೆಯುತ್ತದೆ. ಸುತ್ತಲ ಬರಿನೆಲಕ್ಕಿಂತ ಅದರೊಳಗೆ ತೇವ ಹೆಚ್ಚು. ಆ ಆಸರೆಯಲ್ಲೇ ಯೂರೋಪಿನ ಡ್ಯಾಂಡೆಲಿಯನ್ ಬೇರು ಬಿಡುತ್ತಿದೆ. ಅದರ ಹಳದಿ ಹೂ ದಟ್ಟವಾದಲ್ಲಿ ಕೀಟಗಳು ಅತ್ತಲೇ ಹೋಗಿ, ಪಕ್ಕದ ಸ್ಥಳೀಯ ಹೂಗಳಲ್ಲಿ ಬೀಜ ಕಟ್ಟುವುದು ಇಳಿಯುತ್ತದೆ. ವಿರಳವಾಗಿದ್ದಾಗ ಈ ಹಾನಿ ಕಾಣುವುದಿಲ್ಲ. ಕೀಳುವ ಹೊತ್ತು ಅದೇ! ಹಾನಿ ಸಾಬೀತಾಗಲಿ ಎಂದು ಕಾಯುವವರು ಆ ಹೊತ್ತನ್ನೇ ಕಳೆದುಕೊಳ್ಳುತ್ತಾರೆ. ಆಸ್ಟ್ರೇಲಿಯದ ಕೊಸಿಯಸ್ಕೊ ಉದ್ಯಾನದಲ್ಲಿ ಕಿತ್ತಳೆ ಹೂವಿನ ಹಾಕ್‌ವೀಡ್ ಎಂಬ ಕಳೆ ಹುಡುಕಲು ನಾಯಿಗಳನ್ನೇ ಪಳಗಿಸಿದ್ದಾರೆ. ಬೇರಿನ ಚೂರು ಉಳಿದರೂ ಚಿಗುರುವ ಗಿಡವದು; ಆ ಶ್ರಮ ಅತಿಯಾಯಿತೆಂದು ನನಗನಿಸುವುದಿಲ್ಲ.

ವಿರೋಧ: ಹುಟ್ಟೂರು ನೋಡಿ ಕೀಳುವುದು ಸರಿಯಲ್ಲ

ಎತ್ತರದಲ್ಲಿ ಸಿಗುವ ಹೊರಗಿನ ಗಿಡಗಳಲ್ಲಿ ಹೆಚ್ಚಿನವು ರಸ್ತೆಯಂಚಿನಲ್ಲೋ ಸ್ಕೀ ಇಳಿಜಾರಿನಲ್ಲೋ, ಅಂದರೆ ನಾವೇ ಕೆರೆದ ನೆಲದಲ್ಲಿ ಇರುತ್ತವೆ. ಬೇರು ಸಮೇತ ತೆಗೆಯಲು ಗುದ್ದಲಿ ಹಾಕಿದರೆ ಇನ್ನಷ್ಟು ನೆಲ ಕೆರೆದಂತೆ. ಮೇಲಿನ ಮಣ್ಣು ತೆಳು. ರಾತ್ರಿ ಅದರ ತೇವ ಹೆಪ್ಪುಗಟ್ಟಿ ಸೂಜಿ ಸೂಜಿಯಾಗಿ ಏಳುತ್ತದೆ, ಸಡಿಲ ಕಣಗಳನ್ನು ಎತ್ತುತ್ತದೆ; ಬಿಸಿಲಿಗೆ ಕರಗಿ ಮಣ್ಣು ಕೆಳಗೆ ಜಾರುತ್ತದೆ. ಎಳೆಯ ಬೇರುಗಳು ಹರಿಯುತ್ತವೆ. ಹೀಗೆ ಬರಿದಾದ ಜಾಗಕ್ಕೆ ಬೇಗ ಬರುವುದು ರಸ್ತೆಬದಿಯ ಕಳೆಯೇ, ಸ್ಥಳೀಯ ಗಿಡ ಅಲ್ಲಿ ಮತ್ತೆ ಕೂರಲು ವರ್ಷಗಳೇ ಬೇಕು.

ಐಸ್‌ಲೆಂಡಿಗೆ 1945ರಲ್ಲಿ ಅಲಾಸ್ಕಾದಿಂದ ಲೂಪಿನ್ ಎಂಬ ಗಿಡ ತಂದರು. ಕಾಡು ಕಡಿದು, ಕುರಿ ಮೇಯಿಸಿ, ಗಾಳಿಗೆ ಮಣ್ಣು ಹಾರಿಹೋಗಿದ್ದ ಕರಿಮರಳಿನಲ್ಲಿ ಅದು ಬೇರೂರಿತು. ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಟ್ಟಿತು. ಅದೇ ಗಿಡ ಹಾವಸೆಯ ಬಯಲಿಗೆ ನುಗ್ಗಿದಲ್ಲಿ ಹಾನಿ ಮಾಡುತ್ತಿದೆ, ಇದನ್ನು ಅಲ್ಲಗಳೆಯಲಾಗದು. ಹಾಗಾದರೆ ತೀರ್ಮಾನ ಆಗಬೇಕಾದ್ದು ಜಾಗ ನೋಡಿ, ಗಿಡ ಅಲ್ಲಿ ಮಾಡುವ ಹಾನಿ ನೋಡಿ; ಹುಟ್ಟೂರು ನೋಡಿ ಅಲ್ಲ.

ಇನ್ನು ಭೂಮಿಯ ಬಿಸಿ. ಯೂರೋಪಿನ 302 ಶಿಖರಗಳ 145 ವರ್ಷಗಳ ದಾಖಲೆ ನೋಡಿದಾಗ, ತುದಿಗಳಲ್ಲಿ ಸಸ್ಯಜಾತಿಗಳು ಹೆಚ್ಚುತ್ತಿರುವುದೂ ಆ ವೇಗ ಏರುತ್ತಿರುವುದೂ ಗೊತ್ತಾಯಿತು. ಹತ್ತಿ ಬರುತ್ತಿರುವ ಹೆಚ್ಚಿನವು ಪರದೇಶದವಲ್ಲ, ಅದೇ ಬೆಟ್ಟಗಳ ಕೆಳಗಿನವು. ತುದಿಯ ಪುಟ್ಟ ಗಿಡಗಳನ್ನು ನೆರಳಲ್ಲಿ ಮುಳುಗಿಸಬಲ್ಲವು ಅವೂ ಹೌದು. ಅವನ್ನು ಯಾರೂ ಕೀಳುವುದಿಲ್ಲ, ಕೀಳಲೂ ಆಗದು.

ಕೈಯಲ್ಲಿರುವ ಹಣ, ಕೆಲಸಗಾರರು ಕಡಿಮೆ. ಪೈನ್, ಹಾಕ್‌ವೀಡ್‌ನಂಥ ಕೆಲವಕ್ಕೆ ಅದನ್ನು ಮೀಸಲಿಡಲಿ. ಉಳಿದದ್ದು ಹೊಸ ರಸ್ತೆ ತಡೆಯುವುದಕ್ಕೆ, ಜಲ್ಲಿ, ವಾಹನ ಶುಚಿಯಾಗಿ ಮೇಲೇರುವಂತೆ ನೋಡಿಕೊಳ್ಳುವುದಕ್ಕೆ, ಕೆರೆದ ಇಳಿಜಾರಿಗೆ ಅಲ್ಲಿನದೇ ಬೀಜ ಬಿತ್ತುವುದಕ್ಕೆ ಹೋಗಬೇಕು.