ಕಲ್ಪನಾ ಎಂದರೆ ಒಂದು ಹಾಡಷ್ಟೇ ಅಲ್ಲ

ತಲಕಾವೇರಿಯ ವಿಡಿಯೊ ಇರಲಿ, ಮಾಂದಲಪಟ್ಟಿಯ ಮಂಜಿರಲಿ, ಹಿನ್ನೆಲೆಯಲ್ಲಿ ‘ಕೊಡಗಿನ ಕಾವೇರಿ’ ಹಾಡು ಬಂದೇ ಬರುತ್ತದೆ. ನನಗೂ ಇಷ್ಟದ ಹಾಡೇ. ಆದರೆ ಆ ಹಾಡಿರುವ ‘ಶರಪಂಜರ’ ಚಿತ್ರದ ಕಾವೇರಿಗೆ ಜೀವ ಕೊಟ್ಟ ನಟಿ ಕಲ್ಪನಾ ಅವರನ್ನು ನಮ್ಮ ಕೊಡಗು ಜಿಲ್ಲೆ ಆ ಕೆಲವು ನಿಮಿಷಗಳಿಗೇ ಕಟ್ಟಿಹಾಕಿಬಿಟ್ಟಿದೆ ಎಂದು ಬೇಸರವಾಗುತ್ತದೆ.

ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಬರುತ್ತಾಳೆ. ಮನೆಯವರಿಗೆ ಮಾತ್ರ ಅವಳು ಇನ್ನೂ ಹುಚ್ಚಿಯೇ. ಎಲ್ಲರೂ ಹೊಗಳುವುದು ಹುಚ್ಚಿನ ದೃಶ್ಯಗಳನ್ನು. ನನ್ನನ್ನು ಕಾಡುವುದು ಗುಣವಾಗಿ ಬಂದ ಕಾವೇರಿ. ನಕ್ಕರೂ ಅನುಮಾನ, ರೇಗಿದರೂ ಅನುಮಾನ. ತಾನು ಸರಿಯಾಗಿದ್ದೇನೆ ಎಂದು ಗಳಿಗೆಗಳಿಗೆಗೂ ರುಜುವಾತು ಮಾಡಬೇಕಾದವಳ ದಣಿವನ್ನು ಕಲ್ಪನಾ ಕಣ್ಣಲ್ಲೇ ತಂದರು. ನಮ್ಮ ಸೋಮವಾರಪೇಟೆ ಕಡೆ ‘ಬಾಣಂತಿ ಸನ್ನಿ’ ಎಂದು ಪಿಸುಗುಟ್ಟಿ ಬಾಗಿಲು ಮುಚ್ಚಿದ ಮನೆಗಳನ್ನು ನಾನು ಕಂಡಿದ್ದೇನೆ. ಅಲ್ಲಿನ ಹೆಣ್ಣುಮಕ್ಕಳಿಗೆ ವರ್ಷಗಳು ಕಳೆದರೂ ಆ ಹೆಸರು ಬಿಡಲಿಲ್ಲ.

‘ಬೆಳ್ಳಿಮೋಡ’ (1967) ಕೂಡ ಅಷ್ಟೇ. ತೋಟದ ನಾಡಿನವರಾದ ನಾವು ಅದನ್ನು ನಮ್ಮದೇ ಕಥೆ ಎಂದು ನೋಡಬೇಕಿತ್ತು. ಒಬ್ಬಳೇ ಮಗಳು ಇಂದಿರಾ, ಅವಳ ಬೆನ್ನಿಗೆ ಎಸ್ಟೇಟು. ತಮ್ಮ ಹುಟ್ಟಿದ್ದೇ ತಡ, ಆಸ್ತಿ ಕೈತಪ್ಪಿತೆಂದು ನಿಶ್ಚಯವಾಗಿದ್ದ ಗಂಡು ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಕಾಲು ಮುರಿದುಕೊಂಡು ಮಲಗಿದಾಗ ಆರೈಕೆ ಮಾಡುವವಳೂ ಅವಳೇ. ಅವನು ಪಶ್ಚಾತ್ತಾಪಪಟ್ಟು ಕೇಳಿದಾಗ ಮಾತ್ರ ಒಲ್ಲೆ ಎನ್ನುತ್ತಾಳೆ. ಎಕರೆ ಲೆಕ್ಕ ಹಾಕಿ ಸಂಬಂಧ ಕುದುರಿಸುವವರ ನಡುವೆ ಬದುಕುವ ನನಗೆ ಆ ನಿರಾಕರಣೆ ಇಂದಿಗೂ ಧೈರ್ಯ ಕೊಡುತ್ತದೆ. ಕಲ್ಪನಾ ಅವರದು ಅತಿ ಅಭಿನಯ ಎನ್ನುವವರು ಇಂದಿರಾಳನ್ನು ಇನ್ನೊಮ್ಮೆ ನೋಡಲಿ.

ಕಲ್ಪನಾ ಅವರ ಮೊದಲ ಹೆಸರು ಶರತ್ ಲತಾ. ದಕ್ಷಿಣ ಕನ್ನಡದಲ್ಲಿ 1943ರಲ್ಲಿ ಹುಟ್ಟಿದ ಅವರು 1963ರಲ್ಲಿ ಬಿ.ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಿಂದ ಬೆಳ್ಳಿತೆರೆಗೆ ಬಂದರು. ‘ಗೆಜ್ಜೆ ಪೂಜೆ’ಯಲ್ಲಿ ಓದು, ಮದುವೆ, ಮರ್ಯಾದೆಯ ಬದುಕು ಬಯಸಿದ ಚಂದ್ರಾ ಆದರು. ‘ಗಂಧದ ಗುಡಿ’, ‘ಎರಡು ಕನಸು’ಗಳಲ್ಲಿ ರಾಜ್‌ಕುಮಾರ್ ಎದುರು ನಿಂತೂ ಮಂಕಾಗಲಿಲ್ಲ. ಅವರು ಉಡುವ ಸೀರೆ, ತೊಡುವ ಉದ್ದ ತೋಳಿನ ರವಿಕೆಯನ್ನು ನೋಡಿಯೇ ಆ ಕಾಲದ ಹೆಂಗಸರು ಹೊಲಿಸಿಕೊಂಡರು.

1979ರ ಮೇ ತಿಂಗಳಲ್ಲಿ ಹೋದಾಗ ಅವರಿಗೆ 35 ವರ್ಷ. ಅಂದಿನಿಂದ ಇಂದಿನವರೆಗೆ ಆ ಸಾವಿನ ಸುತ್ತಲಿನ ಊಹಾಪೋಹಗಳನ್ನೇ ಬರೆಯುತ್ತಿದ್ದೇವೆ. ಪಾತ್ರಗಳ ನೋವನ್ನು ಅವರ ಸ್ವಂತ ಬದುಕಿಗೆ ಅಂಟಿಸಿ ‘ದುರಂತ ನಾಯಕಿ’ ಎನ್ನುವುದು ಅನ್ಯಾಯ. ಕಾವೇರಿಯ ನೋವನ್ನು ಅವರು ದುಡಿದು, ಅಳೆದು, ಕಟ್ಟಿಕೊಟ್ಟರು. ಅದು ಕಸುಬು, ಹಣೆಬರಹವಲ್ಲ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ‘ಶರಪಂಜರ’ ತೋರಿಸುವ ಮಾತು ನಡೆದಿದೆ. ಹಾಡು ಮುಗಿದ ಮೇಲೆ ಯಾರೂ ಎದ್ದು ಹೋಗಬಾರದು ಎಂದು ಈಗಲೇ ಹೇಳಿದ್ದೇನೆ. ಸೊಸೆಯಂದಿರ ಜೊತೆ ಅತ್ತೆಯಂದಿರೂ ಬರಲಿ, ಗಂಡಸರೂ ಬರಲಿ.